ಹಂಚಿನ ಕಾರ್ಖಾನೆಯ ಸೈರನ್

ಅರವತ್ತರ ದಶಕ. ಕುಂದಾಪುರದ ಹೊಳೆಬದಿಯ ನಮ್ಮ ಹಂಚಿನ ಕಾರ್ಖಾನೆಗೆ ಜೇಡಿಮಣ್ಣಿನ ದೋಣಿ ಬರುವುದು ನಿಂತಿತ್ತು. "ಮಣ್ಣ್ ನಾಳೆ ಬತ್ತ್" ಎಂದು ಧಣಿ ದಿನವೂ ಹೇಳುತ್ತಿದ್ದರು. ಸೈರನ್ ಕೂಗಿದ ಕೂಡಲೇ ನಾವು ಹೆಂಗಸರು ಓಡಿಬಂದು, ಕೆಲಸವಿಲ್ಲದ ಅಚ್ಚಿನ ಯಂತ್ರಗಳನ್ನು ಒರೆಸಿ ಎಣ್ಣೆ ಹಚ್ಚುತ್ತಿದ್ದೆವು. ಒಂದು ಬೆಳಿಗ್ಗೆ ಲಾರಿ ಬಂದು ಆ ಯಂತ್ರಗಳನ್ನೇ ಹೇರಿಕೊಂಡಿತು. ಅವು ಎಂದೋ ಮಾರಾಟವಾಗಿದ್ದವಂತೆ! ಕೊಂಡವನಿಗಾಗಿ ನಮ್ಮ ಕೈಯಿಂದ ಹೊಳಪು ಕೊಡಿಸಿದ್ದ ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿದುಹೋಯಿತು.

"ಹ್ವಾಯ್, ಮೊದ್ಲೇ ಹೇಳುಕೆ ನಿಮ್ಗೆ ಎಂತ ಆಯ್ತ್?" ಎಂದು ಎದುರು ನಿಂತು ಕೇಳಿದೆ.

"ಹೇಳಿರೆ ನೀವ್ ಕೆಲ್ಸಕ್ಕೆ ಬತ್ತಿದ್ರ್ಯಾ?" ಎಂದರು ಧಣಿ.

ಆ ಮಾತು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಅದರ ಹಿಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ಕಾರ್ಖಾನೆಗೆ ನುಗ್ಗಿದಾಗ, ಸೊಂಟಮಟ್ಟ ನೀರಿನಲ್ಲಿ ನಿಂತು ಅವರ ಹಸಿ ಹಂಚುಗಳನ್ನೆಲ್ಲ ಅಟ್ಟಕ್ಕೆ ಏರಿಸಿದವರು ನಾವು. ಅವತ್ತು ಸೈರನ್ ಕೂಗಿರಲಿಲ್ಲ.