ಹದಿನಾಲ್ಕು ಮಂದಿಯ ಕೋಣೆಯ ಶೇಖರಮ್ಮ

ನಾಲ್ಕಕ್ಕೆ ನಳ ಬರುತ್ತದೆ, ಐದಕ್ಕೆ ನಿಲ್ಲುತ್ತದೆ. ಅಷ್ಟರೊಳಗೆ ಹದಿನಾಲ್ಕು ಹೆಂಗಸರಿಗೆ ನೀರು ತುಂಬಬೇಕು, ಇರುವ ಒಂದೇ ಪಾಯಖಾನೆ ತೊಳೆಯಬೇಕು, ಮುಟ್ಟಿನ ಬಟ್ಟೆ ಒಗೆದು ಕಿಟಕಿಯ ಮೂಲೆಗೆ ಹರವಬೇಕು. ಆಮೇಲೆ ಅಡುಗೆಮನೆ. ಗಂಡಸರ ಬ್ಯಾರಕ್ಕಿಗೂ ಸೇರಿಸಿ ಜೋಳದ ರೊಟ್ಟಿ ಬಡಿಯುವಷ್ಟರಲ್ಲಿ ಬೆಳಕು ಹರಿಯುತ್ತದೆ. "ಹೆಣ್ಮಕ್ಕಳಿದ್ದೀರಿ, ರೊಟ್ಟಿ ನೀವ ಬಡೀರಿ" ಎಂದು ವಾರ್ಡರ್ ಮೊದಲ ದಿನವೇ ಹೇಳಿದ್ದ. ಆರು ಜನರಿಗೆಂದು ಕಟ್ಟಿದ ಜೈಲಿನ ಕೋಣೆ ಅದು. ಮಲಗುವುದೂ ಪಾಳಿಯ ಮೇಲೆ.

ಶೇಖರಮ್ಮ ಮಸ್ಕಿಯವಳು. ಗಂಡ ಜಂಬಣ್ಣ ಹಿತ್ತಲಲ್ಲಿ ಬಚ್ಚಿಟ್ಟಿದ್ದ ಕಳ್ಳ ಸಾರಾಯಿಯ ಪೆಟ್ಟಿಗೆಗಳು ಸಿಕ್ಕ ದಿನ ಅವನೇ ಅವಳ ಕಿವಿಯಲ್ಲಿ ಉಸುರಿದ್ದ: "ಪೆಟ್ಟಿಗಿ ನಂದು ಅಂತ ನೀನ ಹೇಳು. ಹೆಣ್ಮಗಳು ಅಂದ್ರ ಎಂಟು ದಿನದಾಗ ಬಿಡ್ತಾರ."

ಹೇಳಿದಳು. ಏಳು ತಿಂಗಳಾಯಿತು. ಜಾಮೀನು ಮಂಜೂರಾಗಿಯೇ ಎರಡು ತಿಂಗಳು. ಹೊಲದ ಪಹಣಿ ಹಿಡಿದು ಒಬ್ಬರು ಬಂದು ಸಹಿ ಹಾಕಿದರೆ ಸಾಕಿತ್ತು. ಜಂಬಣ್ಣನ ಹೆಸರಿನಲ್ಲೇ ಎರಡೆಕರೆ ಇದೆ.

ಸೋಮವಾರ ಅವನು ಮುಲಾಖಾತಿಗೆ ಬಂದ. ಜಾಲರಿಯ ಈಚೆಯಿಂದ ಅವಳು ಮೊದಲು ಕೇಳಿದ್ದು, "ಪಹಣಿ ತಂದೀರೇನ್ರೀ?"

"ಏನವಸರ? ಕೇಸು ಮುಗಿಯೂತನಕ ಇಲ್ಲೇ ಇರು. ಹೊರಗ ಬಂದ್ರ ಪೊಲೀಸರು ಮತ್ತ ಕೆದಕ್ತಾರ. ನಿನಗೇನು, ಕುಂತಲ್ಲೇ ಊಟ. ಆರಾಮ ಇದ್ದಿ."

ಅವಳು ಕಜ್ಜಿಯಾದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ತಂದಿದ್ದು, ವಾರ್ಡರ್ ತಪಾಸಣೆ ಮಾಡಿ ಕೊಟ್ಟ ಗಂಟು ಬಿಚ್ಚಿದರೆ ಒಣಗಿಸಿ ಗರಿಯಾದ ಕಟಕ ರೊಟ್ಟಿ. ಅಂಚು ದಪ್ಪ, ನಡುವೆ ಹರಿದಲ್ಲಿ ಹಿಟ್ಟಿನ ತೇಪೆ. ಪಳಗಿದ ಕೈಯ ರೊಟ್ಟಿಯಲ್ಲ.

"ಇವನ್ನ ದಾನೇಶ್ವರಿ ಬಡಿದಾಳೇನು?"

"ಹೂಂ, ನಿನ್ನ ಮಗಳು ಕಲ್ತಾಳ. ಎಂಟನೇತ್ತೆಗೇ ಸಾಲಿ ಬಿಡಿಸೀನಿ. ಮನ್ಯಾಗ ಮಾಡೋರು ಬ್ಯಾಡೇನು?"

ಕೋಣೆಯಲ್ಲಿ ಅವಳ ಪಕ್ಕದ ಜಾಗದ ಸಕೀನಾಬೀ ರೊಟ್ಟಿ ಮುರಿಯುತ್ತ ನಕ್ಕಳು. "ಹುಡುಗಿ ಕಲೀತಾಳ ಬಿಡು."

"ನಾ ಹೊರಗ ಬರೋದು ಅವಗ ಬ್ಯಾಡಾಗೇತಿ, ಅಕ್ಕಾ. ಬಂದ್ರ ಖರೇ ಹೇಳ್ತೀನಿ ಅಂತ ಅಂಜಿಕಿ."

ಸಕೀನಾಬೀಯ ನಗು ನಿಂತಿತು. "ಗಂಡನ ಮ್ಯಾಲ ಹೇಳಬ್ಯಾಡವಾ. ನಾಳೆ ಬಿಟ್ರ ಯಾವ ಮನಿಗೆ ಹೋಗ್ತಿ?"

ಶೇಖರಮ್ಮ ತೇಪೆ ಹಚ್ಚಿದ ರೊಟ್ಟಿಯ ತುಂಡೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಬುಧವಾರ ಕೈದಿಗಳಿಗೆಂದು ಸರ್ಕಾರ ಕೊಟ್ಟ ಪುಕ್ಕಟೆ ವಕೀಲೆ ಶಿವಕುಮಾರಿ ಬಂದರು. ಅವರು ಬರುವ ಹೊತ್ತಿಗೆಲ್ಲ ಶೇಖರಮ್ಮ ಸಂಜೆಯ ರೊಟ್ಟಿಗೆಂದು ಒಲೆಯ ಮುಂದೆಯೇ ಇರುತ್ತಿದ್ದಳು. ಅವತ್ತು ಬಡಿಯುತ್ತಿದ್ದ ರೊಟ್ಟಿಯನ್ನು ಮರದ ಕೊಣಮಿಗೆಯಲ್ಲೇ ಬಿಟ್ಟು, ಯಾರಿಗೂ ಹೇಳದೆ ಹೋಗಿ, ವಕೀಲೆಯ ಎದುರು ಕುಳಿತಳು.

"ಪೆಟ್ಟಿಗಿ ನನ್ನವಲ್ರೀ," ಅಂದಳು. "ಯಾರವು ಅಂತ ಹೇಳ್ತೀನಿ, ಬರಕೋರಿ."