ಹಾವು ಹರಿದ ಹುಲ್ಲು

ಪಕ್ಕದ ಹೊಲದವರು ಇನ್ನೂ ಶುಂಠಿ ಹಾಕದಿದ್ದ ದಿನಗಳವು. ದುದ್ದದ ಹೈಸ್ಕೂಲಿನಲ್ಲಿ ನಾನು ಒಂಬತ್ತನೇ ಕ್ಲಾಸು. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ನಮ್ಮ ಬದುವಿನಲ್ಲಿ ಕಾಡುರಾಗಿ ಹುಲ್ಲು ಕೊಯ್ಯುವುದು. ಕೊಯ್ಯುವುದೇನು ಕಷ್ಟವಲ್ಲ, ಆರಿಸುವುದು ಕಷ್ಟ. ಕೆಲವು ಗರಿಗಳಲ್ಲಿ ಅಂಕುಡೊಂಕಾದ ಬಿಳಿ ಗೆರೆ ಇರುತ್ತಿತ್ತು. ಅದು ಹಾವು ಹರಿದ ಗುರುತು, ಹಿಂದೊಮ್ಮೆ ನಮ್ಮ ಹಸು ಸತ್ತಿದ್ದು ಅಂಥ ಹುಲ್ಲು ತಿಂದೇ ಎಂದು ಅವ್ವ ನಂಬಿದ್ದಳು. ಹೊರೆ ಬಿಚ್ಚಿ ಗೆರೆಯ ಗರಿಗಳನ್ನೆಲ್ಲ ಕಿತ್ತೆಸೆದ ಮೇಲೇ ನನಗೆ ರೊಟ್ಟಿ. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಇನ್ನೊಮ್ಮೆ ಲೇಟಾದರೆ ಟಿ.ಸಿ. ಕೊಟ್ಟು ಕಳಿಸುತ್ತೇನೆಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು.

ಒಂದು ದಿನ ಆರಿಸುತ್ತಾ ಗರಿಯೊಂದನ್ನು ಬಿಸಿಲಿಗೆ ಹಿಡಿದೆ. ಗೆರೆ ಇದ್ದದ್ದು ಎಲೆಯ ಒಳಗೆ! ಅದರ ತುದಿಯಲ್ಲಿ ಪುಟ್ಟ ಹುಳ ಮೇಯುತ್ತಿತ್ತು. ಒದ್ದೆ ಬಟ್ಟೆಚೂರಿನ ಜೊತೆ ನಾಲ್ಕು ಗರಿ ಬಾಟಲಿಗೆ ಹಾಕಿ ಬಾಯಿ ಕಟ್ಟಿಟ್ಟೆ. ಹದಿನೈದು ದಿನಕ್ಕೆ ರಾಗಿಕಾಳಿನಷ್ಟು ಕಪ್ಪು ನೊಣಗಳು ಹೊರಬಂದವು.

"ನೋಡವ್ವ, ಆವಲ್ಲ ಇದು."

"ಓಹೋ, ಆವೇನು ನೊಣ ಈಯ್ತದಾ?" ಅವ್ವ ನಕ್ಕಳು. ಬಾಟಲಿಯನ್ನು ಎರಡು ಸಲ ತಿರುಗಿಸಿ ನೋಡಿ, ನಗು ಬಿಟ್ಟಳು. "ಆಯ್ತು, ಇವತ್ತು ಆರಿಸ್ದೇನೆ ಆಕು. ಅಸುಗೇನಾರ ಆಯ್ತೋ, ನಿನ್ ಸ್ಕೂಲ್ಗೆ ಅಲ್ಲಿಗೇ ಮಂಗಳಾರತಿ ಕಣಮ್ಮಿ. ಸಂಜೆಗಂಟ ಇಲ್ಲೇ ಕುಂತ್ಕಂಡು ಕಾಯಿ."

ಅವತ್ತು ಭಾನುವಾರ. ಸಗಣಿ, ಹಿಂಡಿ ವಾಸನೆಯ ಕೊಟ್ಟಿಗೆಯಲ್ಲಿ ಹಸುವಿನ ಮುಖವನ್ನೇ ನೋಡುತ್ತಾ ಕೂತೆ. ಮಧ್ಯಾಹ್ನ ಅದೊಮ್ಮೆ ಕೆಮ್ಮಿತು. ನಾನು ದಡಬಡಿಸಿ ಎದ್ದು ನಿಂತೆ. ಆಮೇಲೆ ಮಲಗಿ, ನೆಮ್ಮದಿಯಾಗಿ ಮೆಲುಕು ಹಾಕಿತು. ಸಂಜೆ ಅವ್ವ ಕರೆದ ಹಾಲನ್ನು ಮೂಸಿದಳು, ಒಂದು ಗುಟುಕು ಕುಡಿದಳು. "ನಾಳಿಂದ ಬಸ್ಸಿಗ್ ಮುಂಚೇನೆ ಓಗಿ ನಿಂತ್ಕ" ಎಂದಳು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಎಲೆಯೊಳಗಿನ ಗೆರೆಯ ಓಟ ನೋಡಿ ಅದು ಯಾವ ಜಾತಿಯ ಹುಳದ ಕೆಲಸವೆಂದು ಗುರುತಿಸುವುದೇ ಈಗ ನನ್ನ ಉದ್ಯೋಗ.

ಕಳೆದ ಸಲ ಊರಿಗೆ ಹೋದಾಗ ಮಾದರಿಗೆಂದು ನಾಲ್ಕು ಗರಿ ಹುಡುಕಿದೆ. ಪಕ್ಕದ ಹೊಲದ ಶುಂಠಿಗೆ ಹೊಡೆಯುವ ಔಷಧಿ ಈಗ ನಮ್ಮ ಬದುವಿಗೂ ಬೀಳುತ್ತದೆ. ಈ ತುದಿಯಿಂದ ಆ ತುದಿಗೆ ನಡೆದರೂ ಒಂದೇ ಒಂದು ಗೆರೆ ಕಾಣಲಿಲ್ಲ. ಹುಲ್ಲೇನೋ ಹಸಿರಾಗಿ, ಮೊಣಕಾಲುದ್ದ ಬೆಳೆದಿತ್ತು. ಅವ್ವ ಕುಡುಗೋಲು ಹಿಡಿದು ನಿಂತೇ ಇದ್ದಳು.

"ಯಾಕವ್ವ, ಕೊಯ್ಯಲ್ವಾ?"

"ಹುಳಾನೇ ತಿನ್ದೆ ಇರೋದ್ನ ಅಸುಗೆಂಗ್ ಆಕ್ಲಿ ಮಗ?" ಎಂದಳು.