ಎಲ್ಲರದೂ ಆದ ದೋಣಿ

ನಮ್ಮ ಮನೆತನಕ್ಕೆ ಒಂದು ದೋಣಿ ಇದೆ. ಕಡೂರು ಸೀಮೆಯಲ್ಲಿ, ಕುಡಿಯುವ ನೀರಿಗೇ ಟ್ಯಾಂಕರ್ ದಾರಿ ನೋಡುವ ಊರಿನಲ್ಲಿ, ದೋಣಿ ಇಟ್ಟುಕೊಂಡ ವಂಶ ಇನ್ನೊಂದು ಇರಲಾರದು. ಇದನ್ನು ಎದೆಯುಬ್ಬಿಸಿ ಹೇಳುವವರು ನಮ್ಮಲ್ಲಿ ಬಹಳ ಜನ. ನಾನು ಆ ಪೈಕಿ ಅಲ್ಲ.

ಲಕ್ಕವಳ್ಳಿಯ ಅಣೆಕಟ್ಟಿನ ನೀರು ಏರಿ ಹಳೆಯ ಊರು ಮುಳುಗುವುದೆಂದಾದಾಗ ನಮ್ಮ ತಾತ ಗಂಟುಮೂಟೆ ಕಟ್ಟಿಕೊಂಡು ಸಿಂಗಟಗೆರೆ ಕಡೆಗೆ ಬಂದು ನೆಲೆಸಿದರು. ಬರುವಾಗ ಎತ್ತಿನ ಗಾಡಿಯ ಮೇಲೆ ದೋಣಿಯನ್ನೂ ಹೇರಿಕೊಂಡು ಬಂದರು. ಹೊಳೆಯ ನೆನಪನ್ನು ಬಿಡಲಾರದೆ ತಂದರು ಎಂಬುದು ನಮ್ಮ ದೊಡ್ಡಪ್ಪನ ಮಗನ ವ್ಯಾಖ್ಯಾನ. ಈ ಅಣ್ಣ ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ತರೀಕೆರೆಯಲ್ಲಿದ್ದಾನೆ. ವ್ಯಾಖ್ಯಾನಕ್ಕೆ ಬೇಕಾದಷ್ಟು ಬಿಡುವಿದೆ. ನಾನು ಸಣ್ಣವನಿದ್ದಾಗ ಅಜ್ಜಿಯನ್ನೇ ಕೇಳಿದ್ದೆ. ಅವಳು ಅಕ್ಕಿ ಆರಿಸುತ್ತಾ, ತಲೆಯನ್ನೂ ಎತ್ತದೆ, "ಅಲ್ಲೇ ಬಿಟ್ರೆ ಅವ್ರ ತಮ್ಮ ತಗೊಂಡ್ಬಿಡ್ತಾನೆ ಅಂತ ಹೊತ್ಕೊಂಡ್ ಬಂದ್ರು ಕಣೋ, ಇನ್ನೇನಿಲ್ಲ" ಎಂದಿದ್ದಳು.

ಇಲ್ಲಿಗೆ ಬಂದ ಮೇಲೆ ದೋಣಿ ನೀರಿಗಿಳಿದದ್ದು ಒಂದೇ ಸಲ. ಊರ ಕೆರೆ ತುಂಬಿದ ವರ್ಷ ಅಪ್ಪ, ದೊಡ್ಡಪ್ಪ ಸೇರಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೊರಟರು. ಬಿಸಿಲಿಗೆ ಬಿರುಕುಬಿಟ್ಟ ಹಲಗೆಗಳು ನಮ್ಮನ್ನು ಹತ್ತು ಮಾರು ದೂರ ಒಯ್ದು ಮರ್ಯಾದೆಯಾಗಿ ಮುಳುಗಿದವು. ಅಲ್ಲಿ ದೊಡ್ಡವರಿಗೆ ಸೊಂಟದಷ್ಟು ನೀರು. ನಮ್ಮನ್ನು ಹೆಗಲ ಮೇಲೆ ಹೊತ್ತುಕೊಂಡು ಅವರು ನಡೆದು ದಡಕ್ಕೆ ಬಂದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಇದೇ ಘಟನೆ ಅಣ್ಣನ ಬಾಯಲ್ಲಿ ಈಗ ಬಿರುಗಾಳಿ, ಮೊಸಳೆಯ ಸಂಶಯ ಮತ್ತು ದೈವಕೃಪೆ ಸೇರಿದ ಒಂದು ಪುರಾಣವಾಗಿದೆ.

ಅಂದಿನಿಂದ ದೋಣಿ ಕೊಟ್ಟಿಗೆಯಲ್ಲಿ ಪೀಠಸ್ಥವಾಯಿತು. ಆಯುಧಪೂಜೆಯ ದಿನ ಮಾತ್ರ ಅದಕ್ಕೆ ವಾಹನದ ಅಂತಸ್ತು. ಮೈತುಂಬ ವಿಭೂತಿ, ಮೇಲೊಂದು ಸೇವಂತಿಗೆ ಹಾರ. ವಾಹನವೆಂದ ಮೇಲೆ ಚಕ್ರದಡಿ ನಿಂಬೆಹಣ್ಣು ಇಡಬೇಕು, ದೋಣಿಗೆ ಚಕ್ರವಿಲ್ಲ. ಆದ್ದರಿಂದ ನಾಲ್ಕು ಜನ ಗಂಡಸರು ಅದರ ಮೂತಿಯನ್ನು ಎತ್ತಿ ಹಿಡಿಯುವುದು, ಕೆಳಗೆ ಹಣ್ಣಿಡುವುದು, ಎಲ್ಲರೂ ಒಟ್ಟಿಗೆ ಕೈಬಿಡುವುದು. ಒಂದು ವರ್ಷ ಹಣ್ಣು ಒಡೆಯದೆ ಉರುಳಿಹೋಗಿ ದೊಡ್ಡಪ್ಪನ ಹೆಬ್ಬೆರಳು ಒಡೆಯಿತು. ಪೂಜೆ ಸಾಂಗವಾಯಿತೆಂದೇ ಎಲ್ಲರೂ ತೀರ್ಮಾನಿಸಿದರು.

ಮನೆ ಪಾಲಾದಾಗ ಕೊಟ್ಟಿಗೆ ನನ್ನ ತಮ್ಮನಿಗೆ ಬಂತು. ದೋಣಿ ಮಾತ್ರ ಯಾರ ಪಾಲಿಗೂ ಬೀಳದೆ 'ಎಲ್ಲರದೂ' ಎಂದು ಉಳಿಯಿತು. ಹಿರಿಯರು ಬಳಸಿದ ಈ ಸುಂದರ ಪದದ ಅರ್ಥ ಇಷ್ಟೇ: ಅದನ್ನು ಯಾರೂ ಉಪಯೋಗಿಸುವ ಹಾಗಿಲ್ಲ, ಯಾರೂ ಕದಲಿಸುವ ಹಾಗಿಲ್ಲ, ಜಾಗ ಕೊಡುವ ಭಾಗ್ಯ ಒಬ್ಬರದೇ.

ಕಳೆದ ವರ್ಷ ತಮ್ಮನ ಹೆಂಡತಿ ಕೊಬ್ಬರಿ ಎಣ್ಣೆ ತೆಗೆಯಲು ಮೋಟಾರಿನ ಗಾಣ ತರಿಸಿದಳು. ಅರ್ಜಿ ಕೊಟ್ಟು, ಅಲೆದು, ಕೊಟ್ಟಿಗೆಗೆ ತ್ರೀ ಫೇಸ್ ಕರೆಂಟು ಹಾಕಿಸಿಕೊಂಡಿದ್ದಳು. ಊರಿನ ಅರ್ಧ ಜನ ಕೊಬ್ಬರಿ ಇಟ್ಟುಕೊಂಡು ಕಾಯುತ್ತಿದ್ದರು. ಯಂತ್ರ ಬಂದು ಅಂಗಳದಲ್ಲಿ ಇಳಿಯಿತು, ದೋಣಿ ಕೊಟ್ಟಿಗೆಯಲ್ಲಿ ಇದ್ದ ಹಾಗೇ ಇತ್ತು. ಮಳೆಗಾಲ ಹತ್ತಿರವಿತ್ತು. ಇನ್ನೊಂದು ತಿಂಗಳು ಹೀಗೇ ಬಿದ್ದಿದ್ದರೆ ಯಂತ್ರಕ್ಕೆ ತುಕ್ಕು, ಅವಳಿಗೆ ಊರವರ ಮುಂದೆ ನಗೆಪಾಟಲು.

ಅವಳು ದೋಣಿ ಕದಲಿಸುತ್ತಾಳಂತೆ ಎಂಬ ಸುದ್ದಿ ತಿಳಿದದ್ದೇ ತರೀಕೆರೆಯಲ್ಲಿ ಹಾಹಾಕಾರವೆದ್ದಿತು. ಅಣ್ಣ 'ದೋಣಿ ಮನೆ' ಎಂಬ ವಾಟ್ಸಾಪ್ ಗುಂಪು ತೆರೆದ. ಬಾಲ್ಯದ ನೆನಪುಗಳು ಬೆಳಗಿನ ಆರಕ್ಕೇ ಉಕ್ಕತೊಡಗಿದವು. ತಲೆಗೆ ತಟ್ಟಿದರೆ ಮಾತಾಡುತ್ತಿದ್ದ ರೇಡಿಯೊವನ್ನು ನೆನೆದು ಒಬ್ಬರು ಅತ್ತರು; ಅದು ತಟ್ಟದಿದ್ದರೂ, ತಟ್ಟಿದರೂ, ಮಾತಾಡುತ್ತಿದ್ದುದು ಸಿಲೋನ್ ಸ್ಟೇಷನ್ನಿನ ಗೊರಗೊರ ಮಾತ್ರ. ಇನ್ನೊಬ್ಬರಿಗೆ ಶಾವಿಗೆ ಒತ್ತುವ ಮರದ ಮಣೆಯ ಹಂಬಲ. ಶಾವಿಗೆ ಇಳಿಯಬೇಕಾದರೆ ಅದರ ಸನ್ನೆಕೋಲಿನ ಮೇಲೆ ಭಾರದ ಆಳು ಕೂರಬೇಕಿತ್ತು. ನಮ್ಮ ಸೋದರತ್ತೆಯ ಗಂಡನನ್ನು ಮನೆಯವರು ಮರ್ಯಾದೆಯಿಂದ ಕರೆಸುತ್ತಿದ್ದುದು ಆ ಒಂದು ಕಾರಣಕ್ಕೆ. ಅಜ್ಜಂಪುರದ ಅಕ್ಕ, ಅಂದರೆ ಈ ಅಣ್ಣನ ಒಡಹುಟ್ಟಿದವಳು, ಟಾರು ಮೆತ್ತಿದ ತೂತು ಹಂಡೆಯ ನೀರಿನ ಪರಿಮಳವನ್ನು ಹೊಗಳಿದಳು. ಟಾರಿನ ನೀರಿನಲ್ಲಿ ಮಿಂದ ಮೈಯನ್ನು ನಾನೂ ಹೊತ್ತಿದ್ದೇನೆ. ಪರಿಮಳದ ಬಗ್ಗೆ ನಾನು ಏನೂ ಬರೆಯಲಿಲ್ಲ.

ಒಂದು ಭಾನುವಾರ ಎಲ್ಲರೂ ಸೇರಿ ತೀರ್ಮಾನಿಸುವುದೆಂದಾಯಿತು. ಅಣ್ಣ ಇಸ್ತ್ರಿ ಜುಬ್ಬದಲ್ಲಿ ಬಂದು, ದೋಣಿಯ ಅಂಚು ಸವರಿ, ಬೆರಳಿಗೆ ಹತ್ತಿದ ಧೂಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಭಾವುಕನಾದ. "ಇದು ನಮ್ಮ ಬೇರು ಕಣಮ್ಮ. ಬೇರು ಕಿತ್ತು ಎಣ್ಣೆ ಹಿಂಡ್ತೀಯಾ?"

"ಹಂಗಾದ್ರೆ ನಿಮ್ಮನೇಲಿ ನೆಡಿ ಭಾವ. ಟೆಂಪೋಗೆ ನಾನೇ ಹೇಳ್ತೀನಿ" ಎಂದಳು ತಮ್ಮನ ಹೆಂಡತಿ.

ಅಣ್ಣನ ಮನೆಯ ಮುಂದೆ ಕಾರು ನಿಲ್ಲುತ್ತದಂತೆ. ಅಕ್ಕನ ಅಂಗಳಕ್ಕೆ ಹೊಸದಾಗಿ ಟೈಲ್ಸ್ ಹಾಕಿಸಿದ್ದಾರಂತೆ, ಗೀರು ಬೀಳುತ್ತದಂತೆ. ಆಮೇಲೆ ಇಬ್ಬರೂ ಕಡೂರಿನಲ್ಲಿ ಮನೆಯಿರುವ ನನ್ನ ಕಡೆ ನೋಡಿದರು. ನಾನು ಸೂರಿನ ಹೆಂಚುಗಳನ್ನು ಗಮನವಿಟ್ಟು ನೋಡಿದೆ. ಬೇರು ಎಲ್ಲರಿಗೂ ಬೇಕಿತ್ತು, ಇನ್ನೊಬ್ಬರ ಮಣ್ಣಿನಲ್ಲಿ.

ಕೊನೆಗೆ ದೋಣಿ ಇಲ್ಲೇ ಇರತಕ್ಕದ್ದು, ಯಂತ್ರಕ್ಕೆ ಅವಳೇ ಬೇರೆ ಶೆಡ್ಡು ಹಾಕಿಸಿಕೊಳ್ಳತಕ್ಕದ್ದು ಎಂದು ಅಣ್ಣ ತೀರ್ಪು ಕೊಟ್ಟ. ಅವಳು ವಾದ ಮಾಡಲಿಲ್ಲ. ಅಣ್ಣನಿಗೆ ಅದರಿಂದ ಉತ್ಸಾಹ ಬಂದು, ಇಡೀ ಕುಟುಂಬ ದೋಣಿಯಲ್ಲಿ ಕೂತ ಒಂದು ಫೋಟೋ ಆಗಬೇಕೆಂದ. ಕೊಟ್ಟಿಗೆಯೊಳಗೆ ಬೆಳಕು ಸಾಲದು. ಅಂಗಳಕ್ಕೆ ತರಬೇಕು, ಫೋಟೋ ಆದ ಮೇಲೆ ಒಳಗಿಡಬೇಕು. ಎಂಟು ಆಳುಗಳನ್ನು ಕರೆಸಿಕೊಟ್ಟವಳು ತಮ್ಮನ ಹೆಂಡತಿಯೇ. ಅವರು ಹೊತ್ತು ತಂದರು, ನಾವು ಹತ್ತಿ ಕೂತೆವು. ಅಣ್ಣ ಮೂತಿಯಲ್ಲಿ ನಿಂತು ದೂರದಲ್ಲಿದ್ದ ನೀರಿನ ಸಿಂಟೆಕ್ಸ್ ಟ್ಯಾಂಕನ್ನು ನಾವಿಕನಂತೆ ದಿಟ್ಟಿಸಿದ. ಬಿಸಿಲು ಚೆನ್ನಾಗಿದೆ, ಬೆಳಕು ಚೆನ್ನಾಗಿದೆ ಎಂದು ಹತ್ತಾರು ಫೋಟೋ ತೆಗೆಸಿದ. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಊಟವನ್ನು ನಡುಮನೆಯಲ್ಲಿ ಬಾಗಿಲು ಮುಂದೆ ಮಾಡಿ ಬಡಿಸಿದರು, ನೊಣ ಬರುತ್ತದಂತೆ. ಹೋಳಿಗೆ ಒಂದೊಂದಾಗಿ, ಬಿಸಿಬಿಸಿಯಾಗಿ, ಬಹಳ ನಿಧಾನವಾಗಿ ಬಂದವು. ತಮ್ಮ ಬಡಿಸುತ್ತಿದ್ದ, ಅವನ ಹೆಂಡತಿ ಕಾಣಲಿಲ್ಲ. ಹೊರಗೆ ಕಬ್ಬಿಣದ ಪೈಪುಗಳ ಮೇಲೆ ಏನೋ ಉರುಳುವ ಸದ್ದಾಯಿತು. ಅಣ್ಣ ಏನದು ಎಂದ. ತಮ್ಮ ಇನ್ನೊಂದು ಹೋಳಿಗೆ ಹಾಕಿದ. ನಾನು ಸದ್ದು ಯಾವುದೆಂದು ತಿಳಿದು ನನಗೂ ಒಂದು ಎಂದೆ, ತುಪ್ಪವನ್ನೂ ಕೇಳಿದೆ.

ಕೈತೊಳೆದು ಹೊರಗೆ ಬಂದಾಗ ಕೊಟ್ಟಿಗೆಯ ನಡುವೆ ಗಾಣ ನಿಂತಿತ್ತು. ಅದೇ ಎಂಟು ಆಳುಗಳು ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ವೈರಿಂಗಿನವನೂ ಆ ಭಾನುವಾರವೇ ಆ ದಾರಿಯಲ್ಲಿ ಬಂದಿದ್ದನಂತೆ. ಸ್ವಿಚ್ಚು ಕೂರಿಸಿ ಮುಗಿಸಿದ್ದ.

"ದೋಣೀನ ಎಲ್ಲಮ್ಮ ಇಡೋದು?" ಎಂದ ಅಣ್ಣ.

"ಅಲ್ಲೇ ಇರ್ಲಿ ಬಿಡಿ ಭಾವ. ಬೆಳಕು ಚೆನ್ನಾಗಿದೆ ಅಂದ್ರಲ್ಲ."

ಅಣ್ಣ ಗಂಟಲು ಸರಿಮಾಡಿಕೊಂಡು ವಂಶ, ಹೊಳೆ, ಹಿರಿಯರ ಆತ್ಮ ಎಂದು ಶುರುಮಾಡಿದ. ಅಷ್ಟರಲ್ಲಿ ತ್ರೀ ಫೇಸ್ ಬಂತು. ಅವಳು ಸೆರಗು ಸಿಕ್ಕಿಸಿಕೊಂಡು, ಒಂದು ಬೊಗಸೆ ಕೊಬ್ಬರಿ ಸುರಿದು ಸ್ವಿಚ್ಚು ಒತ್ತಿದಳು. ಗಾಣದ ಸದ್ದು ಅಂಗಳವನ್ನೆಲ್ಲ ತುಂಬಿತು. ಅಣ್ಣ ಕೈಯೆತ್ತಿ ಬಹಳ ಹೊತ್ತು ಮಾತಾಡುತ್ತಲೇ ಇದ್ದ. ದೋಣಿಯ ಬಗ್ಗೆ ಅವನು ಮಾಡಿದ ಭಾಷಣಗಳಲ್ಲಿ ನಾನು ಕೊನೆಯವರೆಗೆ ನಿಂತು ನೋಡಿದ್ದು ಅದೊಂದನ್ನೇ.